ಹೊಸ ಬಂಡಿಯ ಮೊದಲ ಸಾವಿರ ಕಿಲೋಮೀಟರು

ಬಂಗಾರಪೇಟೆ ರೈಲು ನಿಲ್ದಾಣದ ಹೊರಗೆ ಬೆಳಗಿನ ಜಾವ ಒಮ್ಮೆ ನಿಂತು ನೋಡಿ. ಇನ್ನೂ ಬೆಳಕು ಹರಿದಿರುವುದಿಲ್ಲ. ಬೂದಿಕೋಟೆ ಕಡೆಯಿಂದ, ಕೋಲಾರದ ರಸ್ತೆಯಿಂದ, ಸುತ್ತಲ ಹಳ್ಳಿಗಳಿಂದ ಬೈಕುಗಳು ಒಂದರ ಹಿಂದೊಂದು ಬರುತ್ತವೆ. ಸ್ಟ್ಯಾಂಡಿನಲ್ಲಿ ಚೀಟಿ ತೆಗೆದುಕೊಂಡು, ಬುತ್ತಿಯ ಚೀಲ ಹೆಗಲಿಗೇರಿಸಿ, ಜನ ಬೆಂಗಳೂರಿನ ರೈಲಿಗೆ ಓಡುತ್ತಾರೆ. ಬಂಡಿ ಮಾತ್ರ ರಾತ್ರಿಯವರೆಗೆ ಅಲ್ಲೇ ನಿಂತಿರುತ್ತದೆ. ನಮ್ಮ ಕಡೆ ಬೈಕಿಗೂ ಬಂಡಿ ಎಂದೇ ಹೇಳುತ್ತೇವೆ, ಈ ಭಾಷಣದಲ್ಲೂ ಹಾಗೇ ಹೇಳುತ್ತೇನೆ.

ನಿಲ್ದಾಣಕ್ಕೆ ಹತ್ತಿರದಲ್ಲೇ ನನ್ನ ರಿಪೇರಿ ಅಂಗಡಿ. ಹೋದ ವರ್ಷ ಒಂದು ಭಾನುವಾರ ಹಳ್ಳಿಯ ಹುಡುಗನೊಬ್ಬ ಹೊಸ ಬಂಡಿ ತಳ್ಳಿಕೊಂಡು ಬಂದ. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ತೆಗೆದಿರಲಿಲ್ಲ.

"ಅಣ್ಣಾ, ತಗೊಂಡು ಎರಡು ತಿಂಗಳಾಯ್ತು. ಲೀಟರಿಗೆ ಅರವತ್ತೈದು ಕೊಡುತ್ತೆ ಅಂದಿದ್ರು. ನಲವತ್ತಾರರ ಮೇಲೆ ಬರ್ತಾನೇ ಇಲ್ಲ. ಎಂಜಿನ್ನಲ್ಲೇ ಏನಾದ್ರೂ ತೊಂದ್ರೆ ಇದ್ಯಾ?"

"ಎಷ್ಟು ಓಡಿದೆಯಪ್ಪಾ?"

"ಆರುನೂರು."

"ಎಲ್ಲೆಲ್ಲಿಗೆ ಹೋಗಿದ್ದೀಯ?"

"ಮನೆ, ಸ್ಟೇಷನ್ನು. ಅಷ್ಟೇ ಅಣ್ಣಾ. ಮೂವತ್ತೈದರ ಮೇಲೆ ಒಂದು ದಿನಾನೂ ಓಡಿಸಿಲ್ಲ."

ಮೊದಲ ಸರ್ವಿಸ್ ಮಾಡಿಸಿದ್ದೀಯಾ ಎಂದೆ. ವಾರವೆಲ್ಲ ರೈಲು, ಭಾನುವಾರ ಒಂದೇ ರಜೆ, ಟೈಮೇ ಸಿಕ್ಕಿಲ್ಲ ಎಂದ. ಅವನು ಬಂಡಿಯನ್ನು ಮಗುವಿನಂತೆ ನೋಡಿಕೊಂಡಿದ್ದ. ತಪ್ಪಾಗಿದ್ದು ಅಲ್ಲೇ. ಅದು ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಮನೆಗೆ ಹೊಸ ಒರಳುಕಲ್ಲು ತಂದಾಗ ನಮ್ಮ ತಾಯಂದಿರು ಏನು ಮಾಡುತ್ತಿದ್ದರು? ಮೊದಲ ದಿನವೇ ದೋಸೆಗೆ ರುಬ್ಬುತ್ತಿರಲಿಲ್ಲ. ತೌಡೋ ನುಚ್ಚೋ ಹಾಕಿ ರುಬ್ಬಿ, ಅದನ್ನು ಚೆಲ್ಲಿ, ತೊಳೆದು, ಮತ್ತೆ ರುಬ್ಬಿ ಚೆಲ್ಲುತ್ತಿದ್ದರು. ಉಳಿಯಿಂದ ಹಾಕಿದ ಕಚ್ಚುಗಳ ಮೊನೆಯಲ್ಲಿ ಸಡಿಲಾಗಿ ನಿಂತ ಕಲ್ಲಿನ ಪುಡಿ ಬಿದ್ದುಹೋಗಬೇಕು, ಗುಂಡುಕಲ್ಲು ಗುಂಡಿಯಲ್ಲಿ ಸರಿಯಾಗಿ ಕೂರಬೇಕು. ಕಲ್ಲು ಪೂರಾ ನುಣ್ಣಗಾದರೂ ಕೆಲಸಕ್ಕೆ ಬಾರದು, ಅಕ್ಕಿ ಜಾರುತ್ತದೆ. ಆಗ ಕಲ್ಲು ಕುಟ್ಟುವವರನ್ನು ಕರೆದು ಮತ್ತೆ ಕಚ್ಚು ಹಾಕಿಸುತ್ತಿದ್ದರು.

ಎಂಜಿನ್ನಿನ ಸಿಲಿಂಡರೂ ಹಾಗೆಯೇ. ಒಳಗೋಡೆ ಕನ್ನಡಿಯಂತಿರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿರುವುದಿಲ್ಲ. ಕಾರ್ಖಾನೆಯಲ್ಲಿ ಆ ಗೋಡೆಯ ಮೇಲೆ ಒಂದಕ್ಕೊಂದು ಅಡ್ಡ ಹಾಯುವಂತೆ ಸಣ್ಣ ಗೀರುಗಳನ್ನು ಬೇಕೆಂದೇ ಎಳೆದಿರುತ್ತಾರೆ. ಬೆಳಕಿಗೆ ಹಿಡಿದರೆ ಜರಡಿಯ ಬಲೆಯಂತೆ ಕಾಣುತ್ತವೆ. ಆ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಗೀರುಗಳ ನಡುವಿನ ಏಣುಗಳ ಮೇಲೆ ಪಿಸ್ಟನ್ ರಿಂಗುಗಳು ಉಜ್ಜಿಕೊಂಡು ಓಡಾಡುತ್ತವೆ. ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುವಾಗ ರಿಂಗು ನಾಲ್ಕು ಸಾವಿರ ಸಲ ಮೇಲೇರಿ ಅಷ್ಟೇ ಸಲ ಕೆಳಗಿಳಿಯುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಆ ಏಣುಗಳ ಮೊನೆ ಸವೆದು, ರಿಂಗೂ ಗೋಡೆಯೂ ಒಂದರ ಆಕಾರಕ್ಕೆ ಇನ್ನೊಂದು ಹೊಂದಿಕೊಳ್ಳಬೇಕು. ಆಗಲೇ ಮೇಲೆ ಉರಿಯುವ ಅನಿಲ ಕೆಳಗೆ ನುಸುಳುವುದಿಲ್ಲ, ಕೆಳಗಿನ ಎಣ್ಣೆ ಮೇಲೆ ಹತ್ತುವುದಿಲ್ಲ. ಪೆಟ್ರೋಲಿನ ಬಲ ಅಲ್ಲಿ ಸೋರದೆ ಚಕ್ರಕ್ಕೆ ಹೋಗುತ್ತದೆ. ಮೈಲೇಜಿನ ಮೂಲ ಇಲ್ಲಿದೆ.

ರಿಂಗು ಗೋಡೆಗೆ ಅಂಟಿಕೊಳ್ಳುವುದು ತನ್ನ ಬಿಗಿಯಿಂದ ಮಾತ್ರ ಅಲ್ಲ. ಮೇಲೆ ಉರಿದ ಅನಿಲ ರಿಂಗಿನ ಹಿಂದಿನ ಸಂದಿಗೆ ಇಳಿದು ಅದನ್ನು ಗೋಡೆಯ ಕಡೆಗೆ ಒತ್ತುತ್ತದೆ. ಎಂಜಿನ್ ಸ್ವಲ್ಪ ಭಾರ ಎಳೆದರೆ ತಾನೇ ಆ ಒತ್ತಡ? ಆಕ್ಸಿಲರೇಟರನ್ನು ಹೂವಿನ ಹಾಗೆ ಮುಟ್ಟಿ, ಸದಾ ಮೂವತ್ತರಲ್ಲೇ ಹೋದರೆ ಒತ್ತಡ ಸಾಲದು. ಮೊನೆಗಳು ಸವೆಯುವುದಿಲ್ಲ. ಗೀರುಗಳಲ್ಲಿ ನಿಂತ ಎಣ್ಣೆ ನಿಧಾನವಾಗಿ ಸುಟ್ಟು, ಗೋಡೆಗೆ ಮೆರುಗು ಬಳಿದಂತೆ ಅಂಟಿಕೊಳ್ಳುತ್ತದೆ. ಒಮ್ಮೆ ಆ ಮೆರುಗು ಕೂತರೆ ರಿಂಗು ಮತ್ತೆ ಕಚ್ಚಿಕೊಳ್ಳುವುದು ಕಷ್ಟ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತವನಲ್ಲ. 1987ರಲ್ಲಿ ನನ್ನ ಮೊದಲ ಹೊಸ ಬಂಡಿ ಕೊಂಡೆ. ಆಗ ನಾನು ಕೋಲಾರದ ಚಿನ್ನದ ಗಣಿಯ, ಅಂದರೆ ಕೆ.ಜಿ.ಎಫ್.ನ, ವರ್ಕ್‌ಶಾಪಿನಲ್ಲಿ ಫಿಟ್ಟರ್. ಉರಿಗಾಂನ ಮನೆಯಿಂದ ಕೆಲಸಕ್ಕೆ ನಾಲ್ಕು ಕಿಲೋಮೀಟರು. ಮಾರಿದವರು "ಮೊದಲ ಸಾವಿರ ಮೆಲ್ಲಗೆ ಓಡಿಸಿ" ಎಂದಷ್ಟೇ ಹೇಳಿದ್ದರು. ಮೆಲ್ಲಗೆ ಎಂದರೆ ಎಷ್ಟು, ಹೇಗೆ ಎಂದು ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಮೂವತ್ತು ದಾಟದಂತೆ ಏಳು ತಿಂಗಳು ಓಡಿಸಿದೆ. ವರ್ಷ ತುಂಬುವಷ್ಟರಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿತು. ಆಂಡರ್ಸನ್‌ಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಎಂಜಿನ್ ಬಿಚ್ಚಿ, ಸಿಲಿಂಡರನ್ನು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದರು. ಒಳಗೆ ನನ್ನ ಬೆರಳಿನ ನೆರಳು ಕಾಣುವಷ್ಟು ಹೊಳಪು. "ಇದು ಹೊಳೀಬಾರದು ತಮ್ಮಾ, ಗೀರು ಕಾಣಬೇಕು" ಎಂದರು. ಹೊಸ ರಿಂಗು ಹಾಕಿ, ಗೋಡೆಗೆ ಮತ್ತೆ ಗೀರು ಎಳೆಸಿ, ಈ ಸಲ ಹೇಗೆ ಓಡಿಸಬೇಕು ಎಂದು ಅವರೇ ಹೇಳಿಕೊಟ್ಟರು. ಆ ಬಂಡಿ ಆಮೇಲೆ ಹದಿನಾಲ್ಕು ವರ್ಷ ನನ್ನ ಹತ್ತಿರ ಇತ್ತು.

ಮೆಲ್ಲಗೆ ಎಂಬ ಮಾತು ಹಳೆಯ ಕಾಲದಿಂದ ಬಂದದ್ದು. ವಯಸ್ಸಾದವರಿಗೆ ನೆನಪಿರಬಹುದು, ಹೊಸ ಅಂಬಾಸಿಡರ್ ಕಾರಿನ ಹಿಂದಿನ ಗಾಜಿನಲ್ಲಿ 'ರನ್ನಿಂಗ್ ಇನ್' ಎಂದು ಬರೆದ ಕಾಗದ ಅಂಟಿಸುತ್ತಿದ್ದರು. ಈ ಕಾರು ನಿಧಾನ ಹೋಗುತ್ತದೆ, ನೀವು ಮುಂದೆ ಹೋಗಿ ಎಂದು ಅರ್ಥ. ಅಂದಿನ ಎಂಜಿನ್ನುಗಳ ಭಾಗಗಳು ಅಷ್ಟು ಒರಟಾಗಿರುತ್ತಿದ್ದವು, ಎಣ್ಣೆಯೂ ಇಂದಿನಷ್ಟು ಒಳ್ಳೆಯದಿರಲಿಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಯಂಥ ಎರಡು ಸ್ಟ್ರೋಕಿನ ಬಂಡಿಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕಿತ್ತು. ಅವುಗಳಲ್ಲಿ ಅವಸರಪಟ್ಟರೆ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೇ ಕಚ್ಚಿಕೊಳ್ಳುತ್ತಿತ್ತು. ಆ ಭಯ ನ್ಯಾಯವಾದದ್ದೇ. ಇಂದಿನ ಎಂಜಿನ್ನಿನಲ್ಲೂ ಮೊದಲ ದಿನವೇ ಇಬ್ಬರನ್ನು ಹಿಂದೆ ಕೂರಿಸಿಕೊಂಡು ಪೂರ್ತಿ ಆಕ್ಸಿಲರೇಟರ್ ತಿರುಗಿಸಿದರೆ ಮೊನೆಗಳ ಮೇಲೆ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ, ಉದ್ದಕ್ಕೆ ಗಾಯ ಬೀಳುತ್ತದೆ. ಅತಿ ಮೆತ್ತಗೂ ಬೇಡ, ಅತಿ ಜೋರೂ ಬೇಡ. ಭಾರ ಸ್ವಲ್ಪ ಬೇಕು, ಆದರೆ ವೇಗವೂ ಭಾರವೂ ಒಂದೇ ಸಮನೆ ಇರದೆ ಬದಲಾಗುತ್ತಿರಬೇಕು. ಇದೇ ಹದ.

ಹದ ಮಾಡದೆ ಯಂತ್ರವನ್ನು ನಂಬಬಾರದು ಎಂಬುದನ್ನು ಕೆ.ಜಿ.ಎಫ್. ಜನ ಹೊಸದಾಗಿ ಕಲಿಯಬೇಕಾಗಿಲ್ಲ. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಹೋಗುತ್ತಿದ್ದ ಗಣಿ ಅದು. ಮನುಷ್ಯರನ್ನು ಇಳಿಸುತ್ತಿದ್ದ ಕೇಜು ತೂಗುತ್ತಿದ್ದುದು ಉಕ್ಕಿನ ಹಗ್ಗಕ್ಕೆ. ಹೊಸ ಹಗ್ಗ ಹಾಕಿದ ಮೇಲೆ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಖಾಲಿ ಕೇಜು, ಆಮೇಲೆ ಭಾರ ತುಂಬಿದ ಕೇಜು, ಮೇಲೆ ಕೆಳಗೆ ಓಡಿಸಿ, ಹಗ್ಗದ ಎಳೆಗಳು ಒಂದಕ್ಕೊಂದು ಬಿಗಿದುಕೊಂಡು ಕೂತ ಮೇಲೆ, ನೋಡಿ ಒಪ್ಪಿದ ನಂತರವೇ ಪಾಳಿಯ ಜನ ಒಳಗೆ ಕಾಲಿಡುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಯವರೆಗೆ ಊರೊಳಗೇ ಕೆಲಸವಿದ್ದ ಮನೆಗಳ ಮಕ್ಕಳು ರೈಲು ಹಿಡಿಯುವವರಾದರು. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ಎಂದು ನಿಲ್ದಾಣ ನಿಲ್ದಾಣದಲ್ಲೂ ಬೆಳಗಿನ ಜಾವ ಅದೇ ಗುಂಪು. ನಾನೂ ಆಗಲೇ ಬಂಗಾರಪೇಟೆಗೆ ಬಂದು ಅಂಗಡಿ ಹಾಕಿದೆ.

ಈ ರೈಲಿನ ಬದುಕು ಬಂಡಿಯ ಬದುಕನ್ನೂ ಬದಲಿಸಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಹತ್ತಿರ ಬರುವ ಮೈಲೇಜ್ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುವುದು. ಆ ಹುಡುಗನ ಮನೆಯಿಂದ ನಿಲ್ದಾಣಕ್ಕೆ ಏಳು ಕಿಲೋಮೀಟರು. ಡಿಸೆಂಬರಿನ ಚಳಿಯಲ್ಲಿ ತಣ್ಣಗೆ ಕೊರೆಯುವ ಎಂಜಿನ್ ಸ್ಟಾರ್ಟ್ ಮಾಡುತ್ತಾನೆ. ತಣ್ಣಗಿರುವಾಗ ಪೆಟ್ರೋಲು ಚೆನ್ನಾಗಿ ಆವಿಯಾಗುವುದಿಲ್ಲ, ಅದಕ್ಕೇ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಊಡಿಸಬೇಕಾಗುತ್ತದೆ. ಹಿಂದೆ ಚೋಕ್ ಎಳೆದು ನಾವೇ ಊಡಿಸುತ್ತಿದ್ದೆವು. 2020ರ ಏಪ್ರಿಲ್‌ನಲ್ಲಿ ಹೊಗೆ ತಗ್ಗಿಸುವ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ಬಂಡಿಗಳಲ್ಲಿ ಬಹುಮಟ್ಟಿಗೆ ಇಂಜೆಕ್ಷನ್, ಅಲ್ಲಿ ಕಂಪ್ಯೂಟರೇ ಅಳೆದು ಊಡಿಸುತ್ತದೆ. ಯಾರು ಊಡಿಸಿದರೂ ಖರ್ಚು ಖರ್ಚೇ. ಒಳಗಿನ ಎಣ್ಣೆ ಗಟ್ಟಿಯಾಗಿರುತ್ತದೆ, ತಿರುಗುವ ಪ್ರತಿ ಭಾಗವೂ ಅದನ್ನು ತಳ್ಳಿಕೊಂಡು ತಿರುಗಬೇಕು. ಎಣ್ಣೆ ಹದಕ್ಕೆ ಕಾಯುವ ಹೊತ್ತಿಗೆ ನಿಲ್ದಾಣ ಬಂದುಬಿಡುತ್ತದೆ. ಬಂಡಿ ನಿಲ್ಲಿಸಿ ಹೋಗುತ್ತಾನೆ. ರಾತ್ರಿ ಮತ್ತೆ ತಣ್ಣಗಿನ ಎಂಜಿನ್, ಮತ್ತೆ ಅದೇ ಏಳು ಕಿಲೋಮೀಟರು. ಉರಿಯದೆ ಉಳಿದ ಪೆಟ್ರೋಲು ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ, ಒಳಗೆ ಬೆವರಿದ ನೀರು ಆರಿಹೋಗುವಷ್ಟು ಬಿಸಿ ಏರುವುದೇ ಇಲ್ಲ.

ಇನ್ನು ಕಂಪನಿಯವರು ಹೇಳುವ ಅರವತ್ತೈದರಂಥ ಅಂಕಿಯನ್ನು ಅಳೆಯುವುದು ಪ್ರಯೋಗಶಾಲೆಯಲ್ಲಿ, ಉರುಳೆಗಳ ಮೇಲೆ ಚಕ್ರ ಓಡಿಸಿ, ಗೊತ್ತುಮಾಡಿದ ವೇಗಗಳಲ್ಲಿ. ಅಲ್ಲಿ ಎದುರುಗಾಳಿ ಇಲ್ಲ, ಹಳ್ಳವಿಲ್ಲ, ಅಡ್ಡ ಬರುವ ಎಮ್ಮೆ ಇಲ್ಲ. ಒಂದು ಬಂಡಿಯನ್ನು ಇನ್ನೊಂದರ ಜೊತೆ ಹೋಲಿಸಲು ಆ ಅಂಕಿ ಒಳ್ಳೆಯದು. ನಿಲ್ದಾಣದ ಏಳು ಕಿಲೋಮೀಟರಿಗೆ ಅದು ಹೊಂದುವುದಿಲ್ಲ.

ಹಾಗಾದರೆ ರೈಲಿಗೆ ಹೋಗುವವನು ಹೊಸ ಬಂಡಿಯನ್ನು ಹದಗೊಳಿಸುವುದು ಹೇಗೆ? ನಾನು ಆ ಹುಡುಗನನ್ನು ಕೇಳಿದ್ದು ಒಂದೇ. "ಕುರುಡುಮಲೆಗೆ ಹೋಗಿ ಪೂಜೆ ಮಾಡಿಸಿದ್ಯಾ?" ಮಾಡಿಸಿರಲಿಲ್ಲ, ಮನೆ ಬಾಗಿಲಲ್ಲೇ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದರಂತೆ. ನಮ್ಮ ಜಿಲ್ಲೆಯಲ್ಲಿ ಯಾವ ಹೊಸ ಕೆಲಸಕ್ಕೂ ಕುರುಡುಮಲೆ ಗಣಪತಿಯ ಮುಂದೆ ನಿಲ್ಲುವುದು ರೂಢಿ. ಬಂಗಾರಪೇಟೆಯಿಂದ ಕೆ.ಜಿ.ಎಫ್., ಬೇತಮಂಗಲ, ಮುಳಬಾಗಿಲು ದಾಟಿ ಕುರುಡುಮಲೆ. ಭಕ್ತಿಯ ವಿಷಯ ಅವರವರಿಗೆ ಬಿಟ್ಟದ್ದು. ಎಂಜಿನ್ನಿನ ವಿಷಯ ಹೇಳುವುದಾದರೆ, ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಊರು ಬಂದಾಗ ನಿಧಾನ, ಬಯಲು ಬಂದಾಗ ವೇಗ, ಏರಿನಲ್ಲಿ ಎಂಜಿನ್ನಿಗೆ ಭಾರ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಬಿಡುವು. ಹಾಗೆ ಬಿಟ್ಟಾಗ ಸಿಲಿಂಡರಿನಲ್ಲಿ ಹುಟ್ಟುವ ಸೆಳೆತಕ್ಕೆ ರಿಂಗುಗಳಿಗೆ ಎಣ್ಣೆ ಏರುತ್ತದೆ, ಸವೆದ ಪುಡಿ ಅಲ್ಲೇ ನಿಲ್ಲದೆ ಎಣ್ಣೆಯ ಜೊತೆ ಜಾಗ ಬಿಡುತ್ತದೆ. ಎಂಜಿನ್ ಪೂರಾ ಕಾದು, ಒಂದು ಗಂಟೆಗೂ ಹೆಚ್ಚು ಹೊತ್ತು ಕಾದೇ ಇರುತ್ತದೆ. ದೇವಸ್ಥಾನದ ಮುಂದೆ ತಣ್ಣಗಾಗುತ್ತದೆ. ಮತ್ತೆ ಕಾದು ವಾಪಸು. ಕಾಯುವುದು, ತಣಿಯುವುದು, ಎರಡೂ ಬೇಕು.

ನೂರು, ನೂರಹತ್ತು ಸಿ.ಸಿ. ಬಂಡಿಯಾದರೆ ಮೊದಲ ಐನೂರು ಕಿಲೋಮೀಟರು ನಲವತ್ತು, ನಲವತ್ತೈದರ ಒಳಗೆ, ಆಮೇಲೆ ಸಾವಿರದವರೆಗೆ ಐವತ್ತು, ಐವತ್ತೈದರ ಒಳಗೆ ಇಟ್ಟುಕೊಂಡರೆ ಸಾಕು. ನಿಮ್ಮ ಬಂಡಿಯ ಕೈಪಿಡಿ ಬೇರೆ ಹೇಳಿದ್ದರೆ ಕೈಪಿಡಿಯ ಮಾತೇ ಕೊನೆ, ಅದನ್ನು ಸೀಟಿನ ಕೆಳಗೆ ಮರೆಯಬೇಡಿ. ಮುಖ್ಯವಾದದ್ದು ಗೇರು. ನಾಲ್ಕನೇ ಗೇರಿನಲ್ಲಿ ಇಪ್ಪತ್ತರಲ್ಲಿ ಎಳೆಸಿದರೆ ಮೈಲೇಜ್ ಬರುತ್ತದೆ ಎಂದು ನಂಬಿದವರಿದ್ದಾರೆ. ಎಂಜಿನ್ ಗುದ್ದುತ್ತದೆ, ಒದ್ದಾಡುತ್ತದೆ. ಹೊಸ ಎಂಜಿನ್ನಿಗೆ ವೇಗಕ್ಕಿಂತ ಈ ಒದ್ದಾಟವೇ ಹೆಚ್ಚು ಕೆಟ್ಟದ್ದು. ಬೆಳಗ್ಗೆ ಹತ್ತು ನಿಮಿಷ ನಿಂತಲ್ಲೇ ಬಿಸಿ ಮಾಡುವುದೂ ಬೇಡ. ಅರ್ಧ ನಿಮಿಷ ಸಾಕು, ಹೊರಡಿ, ಮೊದಲ ಎರಡು ಕಿಲೋಮೀಟರು ಸಮಾಧಾನವಾಗಿ ಹೋಗಿ.

ಕಾರು ಕೊಂಡವರಿಗೂ ಒಂದು ಮಾತು. ಈಗ ಬೇತಮಂಗಲದ ಕಡೆಯಿಂದ ಹೊಸಕೋಟೆಗೆ ಎಕ್ಸ್‌ಪ್ರೆಸ್‌ವೇ ಆಗಿದೆ. ಹೊಸ ಕಾರನ್ನು ಅಲ್ಲಿಗೆ ಹತ್ತಿಸಿ ನೂರರಲ್ಲಿ ಕೂರಿಸಿ ಒಂದೇ ಸಮನೆ ಓಡಿಸುವ ಆಸೆ ಸಹಜ. ಮೊದಲ ಸಾವಿರ ಕಿಲೋಮೀಟರು ಆ ಆಸೆ ತಡೆಯಿರಿ, ಹಳೆಯ ದಾರಿಯಲ್ಲೇ ಹೋಗಿ.

ಇನ್ನು ಧೂಳು. ಬೇರೆ ಊರಿನವರು ಇದನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ, ಆದರೆ ಕೆ.ಜಿ.ಎಫ್.ನವರು ತೆಗೆದುಕೊಳ್ಳಲೇಬೇಕು. ನಮ್ಮ ಸೈನೈಡ್ ಗುಡ್ಡಗಳು ಮಣ್ಣಿನ ಗುಡ್ಡಗಳಲ್ಲ. ಭೂಮಿಯೊಳಗಿಂದ ತಂದ ಅದಿರಿನ ಕಲ್ಲನ್ನು ಹಿಟ್ಟಿನಂತೆ ಕುಟ್ಟಿ, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದುಕೊಂಡು, ಉಳಿದದ್ದನ್ನು ನೂರಕ್ಕೂ ಹೆಚ್ಚು ವರ್ಷ ಸುರಿದ ರಾಶಿ ಅವು. ಅದರಲ್ಲಿ ಬಹುಪಾಲು ಬೆಣಚುಕಲ್ಲಿನ ಪುಡಿ. ಬೆಣಚುಕಲ್ಲು ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಗಟ್ಟಿ. ಆಷಾಢದ ಗಾಳಿ ಎದ್ದಾಗ ಆ ಪುಡಿ ರಸ್ತೆ, ಮನೆ, ಬಟ್ಟೆ ಎನ್ನದೆ ಕೂರುತ್ತದೆ. ಅದು ಏರ್ ಫಿಲ್ಟರ್ ದಾಟಿ ಎಣ್ಣೆಗೆ ಸೇರಿದರೆ ಹೊಸ ರಿಂಗನ್ನು ಸಾಣೆ ಹಿಡಿದಂತೆ ಸವೆಸುತ್ತದೆ. ಫಿಲ್ಟರ್ ತಡೆದರೂ ಅದರ ಮೇಲೆ ಕೂತು ಎಂಜಿನ್ನಿನ ಉಸಿರು ಕಟ್ಟುತ್ತದೆ, ಮೈಲೇಜ್ ಇಳಿಯುತ್ತದೆ. ಕೈಪಿಡಿ ಹೇಳಿದ ಅರ್ಧದಷ್ಟು ದೂರಕ್ಕೇ ಫಿಲ್ಟರ್ ತೆರೆಸಿ ನೋಡಿ. ಎಣ್ಣೆ ಸವರಿದ ಕಾಗದದ ಫಿಲ್ಟರ್ ಆದರೆ ಗಾಳಿ ಹೊಡೆಸಿ ಮತ್ತೆ ಹಾಕಬೇಡಿ, ಹೊಸದೇ ಹಾಕಿಸಿ.

ಉಳಿದವು ಸಣ್ಣ ಸಣ್ಣವು. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ಬೆಳಗ್ಗೆ ತಣ್ಣಗಿರುವಾಗ ನೋಡಿಸಿ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಹೊಸ ಬ್ರೇಕ್ ಶೂ ಉಜ್ಜುತ್ತಿದ್ದರೆ ಚಕ್ರ ಅರ್ಧ ಸುತ್ತಿಗೇ ನಿಲ್ಲುತ್ತದೆ, ಆ ತಡೆಯನ್ನು ದಿನವೂ ಪೆಟ್ರೋಲು ಸುಟ್ಟು ದಾಟುತ್ತಿರುತ್ತೀರಿ. ಕ್ಲಚ್ಚಿನ ಮೇಲೆ ಬೆರಳು ಇಟ್ಟುಕೊಂಡೇ ಓಡಿಸಬೇಡಿ. ರೈಲ್ವೆ ಗೇಟು ಬಿದ್ದಿದ್ದರೆ ಎಂಜಿನ್ ಆರಿಸಿ. ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ ಶಕ್ತಿ. ಹಾಗಾಗಿ ಹಳೆಯ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಎಂಜಿನ್ ಕೆಟ್ಟಿದೆ ಎಂದು ಹೆದರಬೇಡಿ.

ಮೈಲೇಜ್ ಅಳೆಯುವುದೂ ಸರಿಯಾಗಿರಬೇಕು. ನೂರು ರೂಪಾಯಿಗೆ ಹಾಕಿಸಿ, ಮುಳ್ಳು ನೋಡಿ ಊಹಿಸುವುದು ಲೆಕ್ಕವಲ್ಲ. ಟ್ಯಾಂಕ್ ತುಂಬಿಸಿ, ಮೀಟರ್ ಬರೆದುಕೊಳ್ಳಿ. ಖಾಲಿಯಾಗುತ್ತಾ ಬಂದಾಗ ಅದೇ ಬಂಕಿನಲ್ಲಿ, ಸ್ಟ್ಯಾಂಡ್ ಹಾಕಿ, ಅದೇ ಮಟ್ಟಕ್ಕೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ. ದಿನಕ್ಕೆ 14 ಕಿಲೋಮೀಟರು, ತಿಂಗಳಿಗೆ 26 ದಿನ ಎಂದರೆ 364 ಕಿಲೋಮೀಟರು. 46 ಬಂದರೆ ಸುಮಾರು 8 ಲೀಟರು, 55 ಬಂದರೆ 6.6 ಲೀಟರು. ಲೀಟರಿಗೆ ನೂರು ದಾಟಿದ ಬೆಲೆಯಲ್ಲಿ ತಿಂಗಳಿಗೆ ಸುಮಾರು ನೂರಮೂವತ್ತು ರೂಪಾಯಿ ವ್ಯತ್ಯಾಸ. ಸಂಬಳ ಎಣಿಸಿ ಖರ್ಚು ಮಾಡುವ ಮನೆಗೆ ಅದು ದೊಡ್ಡ ಮೊತ್ತವೇ.

ಆ ಹುಡುಗ ಮುಂದಿನ ಭಾನುವಾರ ತಾಯಿಯನ್ನು ಕೂರಿಸಿಕೊಂಡು ಕುರುಡುಮಲೆಗೆ ಹೋಗಿ ಬಂದ. ಅದರ ಮರುವಾರ ಅರ್ಧ ದಿನ ರಜೆ ಹಾಕಿ ಮೊದಲ ಸರ್ವಿಸ್ ಮಾಡಿಸಿದ. ಉಚಿತ ಸರ್ವಿಸ್ ಕಂಪನಿಯ ಕಡೆಯವರಲ್ಲೇ ಆಗಬೇಕು, ಇಲ್ಲದಿದ್ದರೆ ವಾರಂಟಿಗೆ ತೊಂದರೆ. ಇಳಿಸಿದ ಹಳೆಯ ಎಣ್ಣೆಯಲ್ಲಿ ಸ್ವಲ್ಪವನ್ನು ಬಾಟಲಿಗೆ ಹಾಕಿಸಿಕೊಂಡು ಬಾ ಎಂದಿದ್ದೆ, ತಂದ. ಬಿಳಿಯ ಪಿಂಗಾಣಿ ತಟ್ಟೆಗೆ ಸುರಿದು ಬಿಸಿಲಿಗೆ ಇಟ್ಟೆವು. ಕಪ್ಪಿನೊಳಗೆ ಬೆಳ್ಳಿಯ ಎಳೆಯಂತೆ ಸಣ್ಣ ಮಿನುಗು ತಿರುಗುತ್ತಿತ್ತು. ರಿಂಗು, ಗೋಡೆ, ಗೇರಿನ ಹಲ್ಲು ಎಲ್ಲದರ ಸವೆದ ಮೊನೆಗಳು. ಬೈಕಿನಲ್ಲಿ ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ, ಅದೂ ಒಂದು ಲೀಟರಿನ ಆಸುಪಾಸು, ಅಷ್ಟರಲ್ಲೇ ಇದೆಲ್ಲ ಸುತ್ತುತ್ತಿರುತ್ತದೆ. 1802ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿಗೆ ನಮ್ಮ ಹಳ್ಳಿಗರು ಎತ್ತಿನ ಗಾಡಿಯಲ್ಲಿ ತಂದ ಮಣ್ಣನ್ನು ತೊಳೆದು ಚಿನ್ನದ ಮಿನುಗು ತೋರಿಸಿದ್ದರಂತೆ. ಅದನ್ನು ಹೇಳುತ್ತಾ ತಟ್ಟೆಯನ್ನು ಓರೆ ಮಾಡಿದೆ. ಹುಡುಗ ಬಗ್ಗಿ ಬಹಳ ಹೊತ್ತು ನೋಡಿದ.

"ಇದೆಲ್ಲ ಒಳಗೇ ಇತ್ತಾ ಅಣ್ಣಾ?"

"ಇತ್ತು. ಇನ್ನೂ ಸ್ವಲ್ಪ ಬರುತ್ತೆ, ಎರಡನೇ ಸಲಕ್ಕೆ ಕಡಿಮೆಯಾಗುತ್ತೆ."

ಯುಗಾದಿ ಕಳೆದ ಮೇಲೆ ಒಂದು ದಿನ ಬೆಳಗಿನ ಜಾವ ಸ್ಟ್ಯಾಂಡಿನಲ್ಲಿ ಸಿಕ್ಕ. ಮೀಟರು 2,100 ತೋರಿಸುತ್ತಿತ್ತು. ಮೂರು ಸಲ ಟ್ಯಾಂಕ್ ತುಂಬಿಸಿ ಬರೆದ ಚೀಟಿಯನ್ನು ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟ. 53, 54, 54. ಅಷ್ಟರಲ್ಲಿ ರೈಲಿನ ಕೂಗು ಕೇಳಿತು, ಚೀಟಿ ನನ್ನ ಹತ್ತಿರವೇ ಬಿಟ್ಟು ಓಡಿದ.